ಸಿಪ್ಪೆ ಇರುವ ಹಣ್ಣು

ಹುಮನಾಬಾದ
20 ನವೆಂಬರ್ 2023

ಗೆಳೆಯ ಮಚ್ಚೇಂದ್ರನಿಗೆ ಬಸವಣಪ್ಪನ ಶರಣಾರ್ಥಿ.

ಆರು ವರ್ಷವಾಯಿತು, ನೀನು ನನ್ನ ಫೋನು ಎತ್ತುವುದಿಲ್ಲ. ನಂಬರು ಬದಲಾಗಿರಬೇಕು ಅಂದುಕೊಂಡಿದ್ದೆ. ಒಮ್ಮೆ ಬೇರೆಯವರ ಫೋನಿನಿಂದ ಮಾಡಿದರೆ ‘ಹಲೋ’ ಅಂದವನು, ನನ್ನ ದನಿ ಕೇಳುತ್ತಲೇ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಅಕ್ಷರ ಕಂಡರೆ ಓದದೆ ಬಿಡುವ ಸ್ವಭಾವ ನಿನ್ನದಲ್ಲ. ಭಜಿ ಕಟ್ಟಿಕೊಟ್ಟ ಪೇಪರಿನ ತುಂಡನ್ನೂ ಎಣ್ಣೆ ಒರೆಸಿ ಓದುತ್ತಿದ್ದೆ.

ನಿನ್ನೆ ಕಂಡಕ್ಟರ್ ಅಂಬಾದಾಸ ಅಂಗಡಿಗೆ ಬಂದಿದ್ದ. ಬಾಳೆಹಣ್ಣು ಆರಿಸುತ್ತಲೇ, “ನಿಮ್ಮ ದೋಸ್ತ ಮಚ್ಚೇಂದ್ರ ಸರ್ ಕಲ್ಯಾಣ ಬಸ್‌ಸ್ಟ್ಯಾಂಡಿನ್ಯಾಗ ಬಿದ್ರು ನೋಡ್ರಿ. ಮೆಟ್ಲ ಇದ್ದದ್ದೇ ಕಾಣಲಿಲ್ಲಂತ. ಬಾಜೂಕ ನಿಂತವ್ರೂ ಕಾಣಂಗಿಲ್ಲಂತ ಅವ್ರಿಗಿ,” ಅಂದ. ಮೂವತ್ತು ವರ್ಷ ಸರ್ಕಾರಿ ದವಾಖಾನೆಯಲ್ಲಿ ಜನರ ಕಣ್ಣು ನೋಡಿದವನಿಗೇ ಹೀಗಾದರೆ ಹೇಗೆ?

ಅಂಬಾದಾಸನ ಬಸ್ಸಿನಲ್ಲಿ ಎರಡು ಡಜನ್ ಮೋಸಂಬಿ ಕಳಿಸಿದ್ದೇನೆ. ಕೆಳಗಿನವು ಹಣ್ಣಾಗಿವೆ, ಮೊದಲು ಅವನ್ನೇ ತಿನ್ನು. ಮೋಸಂಬಿಯಂಥ ಹುಳಿಹಣ್ಣು ಕಣ್ಣಿಗೆ ಬಹಳ ಒಳ್ಳೆಯದೆಂದು ಪೇಪರಿನಲ್ಲಿ ಬಂದಿತ್ತು. ದಿನಕ್ಕೆ ಎರಡು ತಿಂದರೆ ದೃಷ್ಟಿ ತಿರುಗಿ ಬರುತ್ತದಂತೆ. ವ್ಯಾಪಾರದ ಮಾತೆಂದು ನಗಬೇಡ. ನಿನಗೆ ನಾನು ಯಾವತ್ತು ಹಣ್ಣು ಮಾರಿದ್ದೇನೆ?

ನಿನ್ನ
ಬಸವಣಪ್ಪ


ಬಸವಕಲ್ಯಾಣ
28 ನವೆಂಬರ್ 2023

ಬಸವಣಪ್ಪ, ಜೈಭೀಮ್.

ಮೋಸಂಬಿ ಮುಟ್ಟಿದವು. ಎರಡು ಮಾತ್ರ ಕೆಟ್ಟಿದ್ದವು.

ಈ ಹಾಳೆಗೆ ಗೆರೆ ಇಲ್ಲ. ಬೇಕೆಂದೇ ಇಂಥದ್ದನ್ನು ತೆಗೆದುಕೊಂಡೆ. ನನ್ನ ಸಾಲು ಎಲ್ಲಿಯವರೆಗೆ ನೆಟ್ಟಗೆ ಹೋಗುತ್ತದೆ, ಎಲ್ಲಿಂದ ಇಳಿಯುತ್ತದೆ ಎಂದು ನೋಡಬೇಕಾಗಿದೆ. ನಿನಗೆ ಕಾಗದ ಬರೆಯಲು ಅದೂ ಒಂದು ಕಾರಣ. ಇನ್ನೊಂದು, ಫೋನಿನಲ್ಲಿ ನೀನು ಮಾತಾಡುತ್ತೀ, ಕೇಳುವುದಿಲ್ಲ.

ನನಗೆ ಬಂದಿರುವುದು ಗ್ಲಾಕೋಮಾ. ನಮ್ಮ ಕಡೆಯ ಹಳಬರು ಕಾಚಬಿಂದು ಅನ್ನುತ್ತಾರೆ. ಕಣ್ಣಿನೊಳಗೆ ಒತ್ತಡ ಏರಿ, ನೋಡುವ ನರ ಒಣಗುತ್ತ ಹೋಗುತ್ತದೆ. ನೋವಿಲ್ಲ, ಕೆಂಪಿಲ್ಲ. ಮೊದಲು ಅಂಚು ಹೋಗುತ್ತದೆ, ನಡು ಉಳಿಯುತ್ತದೆ. ಎದುರಿನ ಪುಸ್ತಕ ಕಾಣುವುದರಿಂದ ಎಲ್ಲ ಸರಿಯಿದೆ ಅಂದುಕೊಂಡೇ ಇರುತ್ತೇವೆ. ಹುಲಸೂರ, ಘಾಟಬೋರಾಳ ಎಂದು ಊರೂರಿನ ಶಿಬಿರದಲ್ಲಿ ಸಾವಿರಾರು ಕಣ್ಣಿಗೆ ಬ್ಯಾಟರಿ ಹಿಡಿದೆ, “ನಲವತ್ತು ದಾಟಿದ ಮ್ಯಾಲ ವರ್ಷಕ್ಕೊಮ್ಮಿ ತೋರಸ್ರಿ” ಎಂದು ಗಂಟಲು ಹರಿದುಕೊಂಡೆ. ನನ್ನದನ್ನು ಒಮ್ಮೆಯೂ ತೋರಿಸಲಿಲ್ಲ. ಇದಕ್ಕಿಂತ ನಾಚಿಕೆಗೇಡು ಇಲ್ಲ. ದಿನಕ್ಕೆ ಮೂರು ಸಲ ಹನಿ ಹಾಕಿಕೊಳ್ಳುತ್ತಿದ್ದೇನೆ.

ನೀನು ಓದಿದ್ದು ಪೂರ್ತಿ ಸುಳ್ಳಲ್ಲ. ಹುಳಿಹಣ್ಣಿನಲ್ಲಿರುವ ಸಿ ಜೀವಸತ್ವ ಕಣ್ಣಿಗೆ ಬೇಕು. ಬಹಳ ವರ್ಷ ತಿಂದವರಿಗೆ ಪೊರೆ ತಡವಾಗಿ ಬರಬಹುದು ಎನ್ನುವವರೂ ಇದ್ದಾರೆ, ಅದರ ಖಾತ್ರಿ ಯಾರಿಗೂ ಇಲ್ಲ. ಊಟದ ಜೊತೆ ತಿನ್ನಲು ಒಳ್ಳೆಯ ಹಣ್ಣು, ಅಷ್ಟೇ. ಬಂದ ಪೊರೆಯನ್ನು ಅದು ತೆಗೆಯುವುದಿಲ್ಲ. ಒಣಗಿದ ನರವನ್ನು ಯಾವ ಹಣ್ಣೂ ಚಿಗುರಿಸುವುದಿಲ್ಲ. ನಾನು ಇದನ್ನು ನಮ್ಮ ಮನೆಯವಳು ಸುಮನಬಾಯಿಗೂ ಹೇಳಿದೆ. ಅವಳು ಮೋಸಂಬಿ ಸುಲಿದು ಕೈಗೆ ಕೊಡುತ್ತ, “ನಿಮ್ಮ ಶಾಣ್ಯಾತನ ಸಾಕ್ರಿ, ಸುಮ್ಕ ತಿನ್ರಿ,” ಅಂದಳು. ತಿಂದೆ.

ಫೋನಿನ ವಿಷಯ ಇನ್ನೊಮ್ಮೆ.

ಮಚ್ಚೇಂದ್ರ


ಹುಮನಾಬಾದ
9 ಡಿಸೆಂಬರ್ 2023

ಮಚ್ಚೇಂದ್ರನಿಗೆ,

ಕಾಗದ ಕಂಡು ಎಷ್ಟು ಖುಷಿಯಾಯಿತೆಂದರೆ, ಬಂದ ಗಿರಾಕಿಗೆ ಎರಡು ಹಣ್ಣು ಹೆಚ್ಚಿಗೆ ಹಾಕಿಬಿಟ್ಟೆ. ನಿನ್ನ ಸಾಲು ಎಲ್ಲಿಯೂ ಇಳಿದಿಲ್ಲ. ಕೊನೆಗೆ ಸ್ವಲ್ಪ ಬಲಕ್ಕೆ ವಾಲಿದೆ, ಅಷ್ಟು ನನ್ನದೂ ವಾಲುತ್ತದೆ. ಹನಿ ಹಾಕಿಕೊ, ಬೇಡ ಅನ್ನುವುದಿಲ್ಲ. ಮೋಸಂಬಿಯನ್ನೂ ಬಿಡಬೇಡ. ಈ ಸಲ ನಾಗಪುರದ ಸಂತ್ರಾ ಕಳಿಸಿದ್ದೇನೆ.

ಅಂಗಡಿಗೆ ಬೋರ್ಡು ಬರೆಸಿದ್ದೇನೆ: ‘ಕಣ್ಣಿಗೆ ಹಿತ: ಮೋಸಂಬಿ, ಸಂತ್ರಾ.’ ಪಕ್ಕದಲ್ಲಿ ಬಳೆ ಮಾರುವ ಬಿಸ್ಮಿಲ್ಲಾ ಬೀ ನಿನಗೆ ನೆನಪಿರಬೇಕು. ಅವಳ ಬಲಗಣ್ಣು ಮಬ್ಬಾಗಿ ವರ್ಷವಾಯಿತಂತೆ, ಎರಡು ತಿಂಗಳಿಂದ ದಿನಾ ಒಂದು ಸಂತ್ರಾ ಒಯ್ಯುತ್ತಾಳೆ. ಜರಾ ಹಗುರ ಅನ್ನಿಸುತ್ತದೆ ಅನ್ನುತ್ತಾಳೆ.

ಹಣ್ಣು ಕಟ್ಟುವಾಗಲೆಲ್ಲ ನನಗೆ ನಮ್ಮವ್ವ ಮಾಣಿಕಮ್ಮನ ನೆನಪು. ನಮ್ಮೂರು ರಾಜೇಶ್ವರದ ಮನೆಯಲ್ಲಿ ನಿನಗೆಂದೇ ಹಣ್ಣು ಎತ್ತಿಡುತ್ತಿದ್ದಳಲ್ಲ! ನಾನು ಕೇಳಿದರೂ ಕೊಡುತ್ತಿರಲಿಲ್ಲ. “ಅದು ಮಚ್ಚೇಂದ್ರಗ,” ಅಂತಿದ್ದಳು. ನಾವು ಏಳನೇ ಇಯತ್ತೆಯಲ್ಲಿದ್ದಾಗ ಅವಳು ಹೊಸ ಸ್ಟೀಲಿನ ತಾಟು ಆರು ತಂದಿದ್ದು, ಹೆಸರು ಕೊರೆಸಲು ಕಲ್ಯಾಣದ ಬಜಾರಕ್ಕೆ ನಮ್ಮಿಬ್ಬರನ್ನು ಕಳಿಸಿದ್ದು ನೆನಪಿದೆಯಾ? ಕೊರೆಯುವವನು ಕನ್ನಡ ಬರದವನು. ನಿನ್ನ ಅಕ್ಷರ ಚಂದವೆಂದು ನೀನೇ ಚೀಟಿಯ ಮೇಲೆ ‘ಮಾಣಿಕಮ್ಮ’ ಎಂದು ಬರೆದುಕೊಟ್ಟೆ. ಮೊದಲಿನ ‘ಮಾ’ಕ್ಕೆ ಇಷ್ಟುದ್ದ ಬಾಲ ಎಳೆದೆ. ಅವನು ಅದನ್ನು ನೋಡಿಕೊಂಡು ಚುಕ್ಕಿ ಚುಕ್ಕಿಯಾಗಿ ಹಾಗೆಯೇ ಕೊರೆದ, ಬಾಲ ಮುಗಿಯುವಷ್ಟರಲ್ಲಿ ಬೇಸತ್ತು ಇಬ್ಬರನ್ನೂ ಬೈದ. ತಾಟು ಇನ್ನೂ ನಮ್ಮ ಮನೆಯಲ್ಲೇ ಇವೆ. ಅವ್ವ ಹೋಗಿ ಎಂಟು ವರ್ಷವಾದರೂ ನನ್ನ ಹೆಂಡತಿ ಶಕುಂತಲಾ ಅವನ್ನು ಬೇರೆಯವರ ಕೈಗೆ ಕೊಡುವುದಿಲ್ಲ, ತಾನೇ ತಿಕ್ಕಿ ಇಡುತ್ತಾಳೆ.

ಇಷ್ಟೆಲ್ಲ ಇದ್ದವರು ಆರು ವರ್ಷ ಮಾತು ಬಿಟ್ಟದ್ದು ಯಾಕೆ? ನಾನು ಏನು ತಪ್ಪು ಮಾಡಿದೆ, ಹೇಳಿಬಿಡು.

ಬಸವಣಪ್ಪ


ಬಸವಕಲ್ಯಾಣ
17 ಜನವರಿ 2024

ಬಸವಣಪ್ಪ,

ಮೊದಲು ಬಿಸ್ಮಿಲ್ಲಾ ಬೀ ವಿಷಯ. ಅವಳಿಗೆ ಬಂದಿರುವುದು ಪೊರೆ ಇರಬೇಕು, ಸಂತ್ರಾದಿಂದ ಹೋಗುವುದಿಲ್ಲ. ಸಣ್ಣ ಶಸ್ತ್ರಚಿಕಿತ್ಸೆ, ಮರುದಿನವೇ ಕಾಣುತ್ತದೆ. ಅವಳನ್ನು ದವಾಖಾನೆಗೆ ಕಳಿಸು. ಆ ಬೋರ್ಡು ತೆಗೆ. ಅದನ್ನು ಓದಿದವರು ಮೊದಲು ನಿನ್ನ ಹತ್ತಿರ ಬಂದು, ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ನಾನು ಕಲಬುರಗಿಗೆ ಹೋಗಿ ಬಂದೆ. ಎಡಗಣ್ಣು ಮುಗಿಯಿತು. ಬಲಗಣ್ಣಿನಲ್ಲಿ ಬಳೆಯೊಳಗಿಂದ ನೋಡಿದಷ್ಟು ಕಾಣುತ್ತದೆ. ಸುಮನಬಾಯಿಯ ಮುಖ ನೋಡಿದರೆ ಅವಳ ಕೈ ಕಾಣುವುದಿಲ್ಲ.

ಈಗ ನಿನ್ನ ಪ್ರಶ್ನೆ. ಮಾಣಿಕಮ್ಮ ನನಗೆ ಹಣ್ಣು ಎತ್ತಿಡುತ್ತಿದ್ದಳು, ನಿಜ. ಹಣ್ಣೇ ಯಾಕೆ ಎಂದು ನೀನು ಯಾವತ್ತಾದರೂ ಕೇಳಿದೆಯಾ? ನಾನು ನನ್ನ ಅವ್ವನನ್ನು ಕೇಳಿದ್ದೆ. ಆಗ ಅವಳು ನಿಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. “ಸಿಪ್ಪಿ ಇದ್ದ ಹಣ್ಣಿಗಿ ತಾಟ ಬ್ಯಾಡಲಾ ಮಗಾ. ತಾಟ ಕೊಟ್ರ ಅದನ್ನ ಯಾರರ ತಿಕ್ಕಬೇಕಾಗ್ತದ,” ಅಂದಳು. ಮುಂದಿನ ದಿನ ನಿಮ್ಮ ಕಟ್ಟೆಯ ಕೆಳಗೆ ನಿಂತು ನೋಡಿದೆ. ನಿನ್ನ ಅವ್ವ ಹಣ್ಣನ್ನು ಮೇಲಿಂದ ನನ್ನ ಅಂಗೈಗೆ ಹಾಕಿದಳು, ಬೆರಳು ತಾಗಲಿಲ್ಲ. ನೀನು ಒಳಗೆ ರೊಟ್ಟಿ ತಿನ್ನುತ್ತಿದ್ದೆ. ನಾನು ಹೊರಗೆ ಸಂತ್ರಾ ತಿಂದು ಸಿಪ್ಪೆಯನ್ನು ಬೀದಿಗೆ ಎಸೆದೆ. ನನ್ನ ಕೈಬರಹ ಆರು ತಾಟಿನ ಮೇಲೆ ಇದೆ, ಬಸವಣಪ್ಪ. ಒಂದು ತಾಟೂ ಐವತ್ತು ವರ್ಷದಲ್ಲಿ ನನ್ನ ಮುಂದೆ ಬಂದಿಲ್ಲ.

ಅದನ್ನು ಹಳೆಯ ಕಾಲವೆಂದು ಬಿಟ್ಟಿದ್ದೆ. ಆರು ವರ್ಷದ ಹಿಂದೆ ನಿನ್ನ ಮಗ ಶರಣಕುಮಾರನಿಗೆ ಕೂಸು ಹುಟ್ಟಿತೆಂದು ನಿಮ್ಮ ಮನೆಗೆ ಬಂದೆನಲ್ಲ, ಪಡಸಾಲೆಯಲ್ಲಿ ಐದು ಜನ ಕುಳಿತಿದ್ದೆವು. ನಾಲ್ವರಿಗೆ ಸ್ಟೀಲಿನ ಕಪ್ಪಿನಲ್ಲಿ ಚಹಾ ಬಂತು, ನನಗೆ ಕಾಗದದ ಕಪ್ಪಿನಲ್ಲಿ. ಕುಡಿದೆ. ಕುಡಿದು ಎದ್ದು ಬಂದೆ. ನೀನು ನನ್ನ ಎದುರಿಗೇ ಕುಳಿತಿದ್ದೆ.

ಇದನ್ನು ಜಗಳಕ್ಕಾಗಿ ಬರೆಯುತ್ತಿಲ್ಲ. ಕಣ್ಣು ಹೋಗುತ್ತಿರುವವನಿಗೆ ಇನ್ನೂ ಏನೇನು ನೋಡಬೇಕೆಂಬ ಯೋಚನೆ ಬರುತ್ತದೆ. ನನಗೆ ಬಂದದ್ದು ಒಂದೇ. ನಿಮ್ಮ ಮನೆಯಲ್ಲಿ ಕುಳಿತು, ಆ ತಾಟಿನಲ್ಲಿ ಎರಡು ಜೋಳದ ರೊಟ್ಟಿ ತಿನ್ನಬೇಕು. ಶಕುಂತಲಾಬಾಯಿ ತಾಟು ಇಡುವಾಗ ಅವಳ ಮುಖ ಹೇಗಿರುತ್ತದೆ ಎಂದು ನೋಡಬೇಕು. ಬಳೆಯಷ್ಟು ಕಿಂಡಿ ಅದಕ್ಕೆ ಸಾಕಾಗುತ್ತದೆ.

ಹಣ್ಣು ಕಳಿಸಬೇಡ.

ಮಚ್ಚೇಂದ್ರ


ಹುಮನಾಬಾದ
26 ಫೆಬ್ರುವರಿ 2024

ಮಚ್ಚೇಂದ್ರನಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮೂರು ಸಲ ಬರೆದು ಹರಿದೆ.

ಸತ್ತವಳು ಎದ್ದು ಬಂದು ಜವಾಬು ಕೊಡುವುದಿಲ್ಲ. ಆಗಿನ ಹೆಂಗಸು, ಓದಿದವಳಲ್ಲ. ತನ್ನ ಹಿರಿಯರು ನಡೆದಂತೆ ನಡೆದಳು. ಅವಳು ಪ್ರೀತಿಯಿಂದ ಕೊಟ್ಟದ್ದರಲ್ಲಿ ನೀನು ಐವತ್ತು ವರ್ಷ ಹುಳ ಹುಡುಕುತ್ತ ಕುಳಿತಿದ್ದೆ ಎಂದು ತಿಳಿದು ನನಗೆ ಊಟ ಸೇರಲಿಲ್ಲ. ಕಾಗದದ ಕಪ್ಪಿನ ಮಾತು ಅಂದರೆ, ಈಗ ಎಲ್ಲರ ಮನೆಯಲ್ಲೂ ಅವೇ. ತೊಳೆಯುವ ಕಷ್ಟ ತಪ್ಪುತ್ತದೆಂದು ತರುತ್ತಾರೆ. ನಿನಗೆ ಮಾತ್ರ ಕೊಟ್ಟದ್ದು ನನ್ನ ಗಮನಕ್ಕೆ ಬಂದಿಲ್ಲ.

ನೀನು ಊಟಕ್ಕೆ ಬರುವುದು ದೊಡ್ಡ ಮಾತಲ್ಲ. ಆದರೂ ಮನೆಯಲ್ಲಿ ಕೇಳಬೇಕು.

ಬೋರ್ಡು ತೆಗೆಸಿದ್ದೇನೆ. ಬಿಸ್ಮಿಲ್ಲಾ ಬೀಯನ್ನು ದವಾಖಾನೆಗೆ ಕಳಿಸಿದೆ.

ಬಸವಣಪ್ಪ


ಬಸವಕಲ್ಯಾಣ
4 ಮಾರ್ಚ್ 2024

ಬಸವಣಪ್ಪ,

‘ಮನೆಯಲ್ಲಿ ಕೇಳಬೇಕು’ ಎಂಬ ಸಾಲನ್ನು ಎರಡು ಸಲ ಓದಿದೆ. ಈಗ ನನಗೆ ಒಂದು ಕಾಗದ ಎರಡು ಸಲ ಓದಲು ಅರ್ಧ ಮುಂಜಾನೆ ಬೇಕು. ಒಂದು ಅಕ್ಷರ ಸಿಕ್ಕರೆ ಮುಂದಿನದು ತಪ್ಪಿಸಿಕೊಳ್ಳುತ್ತದೆ.

ಬಳೆ ಹೋಗಿ ಉಂಗುರದಷ್ಟಾಗಿದೆ. ಹನಿಯಿಂದ ಒತ್ತಡ ಇಳಿಯುತ್ತಿಲ್ಲ. ಇದೇ ಹದಿನೆಂಟಕ್ಕೆ ಬಲಗಣ್ಣಿಗೆ ಶಸ್ತ್ರಚಿಕಿತ್ಸೆ. ಇಷ್ಟು ಮುಂದೆ ಹೋದ ಕಣ್ಣು ಕೆಲವೊಮ್ಮೆ ಅದನ್ನೂ ತಡೆಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ನಾನೂ ಎಷ್ಟೋ ಜನರಿಗೆ ಆ ಮಾತನ್ನು ಹೇಳಿದವನೇ. ಕೇಳುವ ಕಡೆ ಕುಳಿತಾಗ ಅದು ಬೇರೆ ಮಾತಾಗಿ ಕೇಳಿಸಿತು. ಹೆದರಿಕೆಯಾಗುತ್ತದೆ.

ಮನೆಯಲ್ಲಿ ಕೇಳು. ಬೇಗ ಕೇಳು.

ಸಾಲು ಇಳಿದಿರಬೇಕು. ನನಗೆ ಕಾಣುತ್ತಿಲ್ಲ.

ಮಚ್ಚೇಂದ್ರ


ಹುಮನಾಬಾದ
21 ಏಪ್ರಿಲ್ 2024

ಗೆಳೆಯಾ,

ಈ ಕಾಗದವನ್ನು ನೀನೇ ಓದುತ್ತೀಯೋ, ಯಾರಾದರೂ ಓದಿ ಹೇಳುತ್ತಾರೋ ತಿಳಿಯದೆ ಬರೆಯುತ್ತಿದ್ದೇನೆ. ನೀನು ಈಗ ಸುಮನಬಾಯಿಯ ತೋಳು ಹಿಡಿದು ನಡೆಯುತ್ತೀ ಎಂದು ಅಂಬಾದಾಸ ಹೇಳಿದ. ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ನನಗಾಗಲಿಲ್ಲ.

ನಿನ್ನ ಕಾಗದ ಮಾರ್ಚಿನಲ್ಲೇ ಬಂದಿತ್ತು. ‘ಬೇಗ’ ಎಂದು ಬರೆದಿದ್ದೆ. ನಾನು ಮನೆಯಲ್ಲಿ ಕೇಳಲಿಲ್ಲ. ಇಂದು ಕೇಳುತ್ತೇನೆ, ನಾಳೆ ಕೇಳುತ್ತೇನೆ ಎಂದು ಒಂದೂವರೆ ತಿಂಗಳು ಕಳೆದೆ. ಕಾಗದವನ್ನು ಗಲ್ಲಾಪೆಟ್ಟಿಗೆಯಲ್ಲಿಟ್ಟಿದ್ದೆ. ಚಿಲ್ಲರೆಗೆ ಕೈ ಹಾಕಿದಾಗಲೆಲ್ಲ ಬೆರಳಿಗೆ ತಾಗುತ್ತಿತ್ತು.

ಮೊನ್ನೆ ಬಿಸ್ಮಿಲ್ಲಾ ಬೀ ಕಪ್ಪು ಕನ್ನಡಕ ಹಾಕಿಕೊಂಡು ಬಂದಳು. ಪೊರೆ ತೆಗೆದಿದ್ದಾರೆ. “ಆ ಸಾಹೇಬ್ರಿಗಿ ನನ್ನ ಸಲಾಂ ಹೇಳ್ರಿ ಅಣ್ಣಾ. ಈಗ ಸೂಜ್ಯಾಗ ದಾರ ನಾನೇ ಪೋಣಸ್ತೀನಿ,” ಅಂದಳು. ಆಮೇಲೆ, “ಅವ್ರ ಕಣ್ಣ ಹ್ಯಾಂಗ ಅವ?” ಎಂದು ಕೇಳಿದಳು. ಅಂಗಡಿಯನ್ನು ಹಾಗೇ ಬಿಟ್ಟು ಮನೆಗೆ ಹೋದೆ.

ಶಕುಂತಲಾಳ ಮುಂದೆ ನಿನ್ನ ಕಾಗದಗಳನ್ನೆಲ್ಲ ಪೂರ್ತಿ ಓದಿದೆ. ಅವಳು ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸಿ, “ನಾ ಬ್ಯಾಡ ಅಂದಿದ್ನೇನ್ರಿ?” ಅಂದಳು. “ಮತ್ತ ಕಪ್?” ಅಂದೆ.

“ಅತ್ತಿ ಇದ್ದಾಗಿಂದ ಹಂಗೇ ನಡದದ, ನಾನೂ ಹಂಗೇ ಮಾಡ್ದೆ. ತಪ್ಪದ. ಅವ್ರು ಅರ್ಧಾ ಚಹಾ ಕುಡಿದು ನನ್ನ ಕಡೆ ನೋಡಿದ್ರು, ನಾ ಒಳಗ ಹ್ವಾದೆ. ಖರೇ ಹೇಳ್ರಿ, ಆ ಕಪ್ಪಿನ ಪಾಕೀಟ ತಂದವ್ರು ಯಾರು? ‘ಮಚ್ಚೇಂದ್ರ ಬರ್ತಾನ, ಇದು ಇರ್ಲಿ’ ಅಂತ ನನ್ನ ಕೈಯಾಗ ಕೊಟ್ಟವ್ರು ಯಾರು?”

ನಾನೇ, ಮಚ್ಚೇಂದ್ರ. ಆ ದಿನ ಅಂಗಡಿಯಿಂದ ಬರುವಾಗ ನಾನೇ ತಂದುಕೊಟ್ಟೆ. ಶಕುಂತಲಾಳಿಗೆ ಮುಜುಗರವಾಗಬಾರದು, ನಿನಗೆ ಗೊತ್ತಾಗಬಾರದು, ಮನೆಯಲ್ಲಿ ಮಾತು ಬೆಳೆಯಬಾರದು ಎಂದು ಲೆಕ್ಕ ಹಾಕಿ ತಂದೆ. ಗಮನಕ್ಕೆ ಬಂದಿಲ್ಲ ಎಂದು ನಿನಗೆ ಬರೆದದ್ದು ಸುಳ್ಳು. ಬರೆಯುವಾಗ ನನಗೇ ಅದು ನಿಜವೆನ್ನಿಸಿತ್ತು, ಅಷ್ಟು ಚೆನ್ನಾಗಿ ಮರೆತಿದ್ದೆ. ಹಣ್ಣಿನ ವಿಷಯವೂ ಹಾಗೆಯೇ. ಪ್ರತಿ ದೀಪಾವಳಿಗೆ ನಿಮ್ಮ ಮನೆಗೆ ಒಂದು ಬುಟ್ಟಿ ಹಣ್ಣು ಕಳಿಸಿ ನನ್ನಂಥ ಗೆಳೆಯನಿಲ್ಲ ಎಂದು ಬೀಗುತ್ತಿದ್ದೆ. ಒಮ್ಮೆಯೂ ಒಂದು ಹೋಳಿಗೆ ಕಳಿಸಲಿಲ್ಲ. ಅವ್ವನ ಹೆಸರು ಹೇಳಿ ತಪ್ಪಿಸಿಕೊಂಡೆ. ನನಗೆ ನನ್ನ ಮೇಲೆ ಹೇಸಿಗೆ ಬಂದಿದೆ.

ಬರುವ ಭಾನುವಾರ, 28ಕ್ಕೆ, ಊಟಕ್ಕೆ ಬಾ. ಸುಮನಬಾಯಿಯನ್ನು ಕರೆದುಕೊಂಡು ಬಾ. ಇದು ನಾನು ಕರೆಯುವುದಷ್ಟೇ ಅಲ್ಲ. “ನಾ ಕರದೀನಿ ಅಂತ ಬರೀರಿ,” ಎಂದು ಶಕುಂತಲಾ ಎದುರಿಗೆ ನಿಂತು ಬರೆಸುತ್ತಿದ್ದಾಳೆ.

ಸ್ವಲ್ಪವಾದರೂ ಕಾಣುತ್ತದೆಯಾ? ಉಂಗುರದಷ್ಟಾದರೂ?

ನಿನ್ನ
ಬಸವಣಪ್ಪ


ಬಸವಕಲ್ಯಾಣ
2 ಮೇ 2024

ಬಸವಣಪ್ಪ, ಜೈಭೀಮ್.

ನಾನು ಹೇಳುತ್ತಿದ್ದೇನೆ, ಸೊಸೆ ಪೂನಂ ಬರೆಯುತ್ತಿದ್ದಾಳೆ. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು, ಮೆತ್ತಗೆ ಮಾಡಬಾರದು ಎಂದು ಮೊದಲೇ ಮಾತು ತೆಗೆದುಕೊಂಡಿದ್ದೇನೆ.

ಭಾನುವಾರ ನಿಮ್ಮ ಮನೆಯಲ್ಲಿ ಕೆಲವು ಮಾತು ಆಡಲಿಲ್ಲ. ನೀನು ಅಳುತ್ತಿದ್ದೆ. ಶಕುಂತಲಾಬಾಯಿಯ ಮುಂದೆ ನಿನಗೆ ಅವಮಾನವಾಗಬಾರದೆಂದು ನಾನು ಸುಮ್ಮನಿದ್ದೆ. ಈಗ ಹೇಳುತ್ತೇನೆ.

ಮಾರ್ಚಿನ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಒತ್ತಡ ಇಳಿಯಿತು, ಉಳಿದಿದ್ದ ನರ ಮಾತ್ರ ತಡೆಯಲಿಲ್ಲ. ಅದರಲ್ಲಿ ಯಾರ ತಪ್ಪೂ ಇಲ್ಲ, ತಡವಾಗಿ ಹೋದ ನನ್ನದು ಬಿಟ್ಟರೆ. ಪಟ್ಟಿ ತೆಗೆದ ದಿನ ಕಿಟಕಿ ಯಾವ ಕಡೆ ಇದೆ ಎಂದು ಗೊತ್ತಾಯಿತು. ಈಗಲೂ ಅಷ್ಟೇ ಗೊತ್ತಾಗುತ್ತದೆ.

ನೀನು ಮಾರ್ಚಿನ ಮೊದಲ ವಾರ ಕರೆದಿದ್ದರೆ ನಾನು ನೋಡುತ್ತಿದ್ದೆ. ಇದನ್ನು ನಿನಗೆ ಹೇಳದೆ ಸಾಯಲಾರೆ. ಮುಂದೆ ನೀನು ಎಷ್ಟು ಸಲ ಕರೆದರೂ, ಎಷ್ಟು ಚಂದ ಉಣಿಸಿದರೂ, ಆ ಎರಡು ವಾರವನ್ನು ತಿರುಗಿ ಕೊಡಲು ನಿನ್ನಿಂದಾಗುವುದಿಲ್ಲ. ಶಕುಂತಲಾಬಾಯಿಯ ಮುಖ ನಾನು ನೋಡಲಿಲ್ಲ. ಅವಳು ಬಗ್ಗಿದ್ದು ಬಳೆಯ ಸದ್ದಿನಿಂದ ತಿಳಿಯಿತು. “ಅಣ್ಣಾ, ಬಿಸಿ ಅದ, ಸಾವಕಾಶ ತಿನ್ರಿ,” ಅಂದಾಗ ಅವಳ ದನಿ ನಡುಗಿತು. ನಾಚಿಕೆಯಿಂದ ನಡುಗಿತೋ, ಅಸಹ್ಯದಿಂದ ನಡುಗಿತೋ, ಮುಖ ಕಂಡಿದ್ದರೆ ಹೇಳುತ್ತಿದ್ದೆ. ಸುಮನಬಾಯಿಯನ್ನು ಕೇಳಿದೆ. “ಅಕಿ ಅಳಾಕತ್ತಿದ್ದಳು,” ಅನ್ನುತ್ತಾಳೆ. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೋ ಏನೋ. ಇನ್ನು ಮುಂದೆ ನನಗೆ ಎಲ್ಲವೂ ಬೇರೆಯವರು ಹೇಳಿದಷ್ಟೇ.

ನೀನು ಮೋಸಂಬಿಯ ಸಿಪ್ಪೆ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆ ನನ್ನ ಕೈಗಿಟ್ಟೆ. ನಿನ್ನ ಬೆರಳು ತಾಗಿತು. ಹಣ್ಣು ಸ್ವಲ್ಪ ಕಹಿಯಾಗಿತ್ತು, ನಿನಗೆ ಸುಲಿಯಲು ಬರುವುದಿಲ್ಲ. ಇನ್ನು ಮೇಲೆ ಹಣ್ಣು ಕಳಿಸು, ತಿನ್ನುತ್ತೇನೆ. ಕಣ್ಣಿನ ಮಾತು ಮಾತ್ರ ಎತ್ತಬೇಡ.

ತಾಟಿನ ಮಾತು ಕೊನೆಗೆ ಇಟ್ಟುಕೊಂಡಿದ್ದೆ. ನೀನು “ಅವ್ವನ ತಾಟಿನ್ಯಾಗೇ ಇಟ್ಟೀವಿ,” ಅಂದೆ. ನಾನು ನಂಬಲಿಲ್ಲ. ಕುರುಡನ ಮುಂದೆ ಯಾವ ತಾಟು ಇಟ್ಟರೂ ನಡೆಯುತ್ತದೆ, ಹೊಸದೊಂದು ತಂದಿರುತ್ತಾರೆ, ನಾಳೆ ಅದನ್ನು ಬೇರೆ ಎತ್ತಿಡುತ್ತಾರೆ ಅಂದುಕೊಂಡೆ. ಇಷ್ಟು ದಿನದ ಮೇಲೆ ನನ್ನ ಮನಸ್ಸು ಹಾಗೆಯೇ ಓಡುತ್ತದೆ. ಅದನ್ನು ಹಾಗೆ ಮಾಡಿಟ್ಟವರು ನೀವು.

ರೊಟ್ಟಿ ಮುರಿಯುವ ಮೊದಲು ತಾಟಿನ ಅಂಚಿನ ಸುತ್ತ ಬೆರಳು ಆಡಿಸಿದೆ. ಬಿಸಿಯಿದೆಯೇ ಎಂದು ನೋಡುತ್ತಿದ್ದೇನೆ ಎಂದು ನೀವು ತಿಳಿದಿರಬೇಕು. ಅರ್ಧ ಸುತ್ತು ನುಣ್ಣಗಿತ್ತು. ಆಮೇಲೆ ಚುಕ್ಕಿ ಸಿಕ್ಕವು. ಸವೆದಿದ್ದವು. ನಿನ್ನ ಅವ್ವ, ನಿನ್ನ ಹೆಂಡತಿ, ಐವತ್ತು ವರ್ಷ ಬೂದಿ, ಪುಡಿ ಹಾಕಿ ತಿಕ್ಕಿದ್ದಾರಲ್ಲ. ಹಿಂದೆ ಮುಂದೆ ಎರಡು ಸಲ ಹೋದೆ. ‘ಮಾ’ಕ್ಕೆ ನಾನು ಎಳೆದ ಬಾಲ ಬೆರಳಿಗೆ ಬಂತು. ಬಹಳ ಉದ್ದವಾಯಿತು, ಕೊರೆಯುವವನು ಬೈದದ್ದು ಸರಿಯೇ. ಅಲ್ಲಿಂದ ಕೊನೆಯ ‘ಮ್ಮ’ದವರೆಗೆ ಯಾರ ಸಹಾಯವೂ ಇಲ್ಲದೆ ಓದಿದೆ. ಏಳನೇ ಇಯತ್ತೆಯಲ್ಲಿ ನಾನೇ ಬರೆದ ಅಕ್ಷರ. ನಾನು ನನ್ನಷ್ಟಕ್ಕೆ ಓದಿದ ಕೊನೆಯ ಹೆಸರು ಅದೇ.

ಆಮೇಲೆ ಅದರ ಮೇಲಿನ ರೊಟ್ಟಿ ಮುರಿದೆ.

ಮಚ್ಚೇಂದ್ರ